ಕೇರ್ನ್ಸ್, ಡೇನ್‌ಟ್ರೀ ಕಾಡು, ಹವಳದ ದಿಬ್ಬ: ನಾವಿಬ್ಬರೇ, ಕಾರಿನಲ್ಲಿ 9 ದಿನ. ನನಗೆ ಈಜು ಬರುವುದಿಲ್ಲ. ಪ್ಲಾನ್ ಸರಿ ಇದೆಯಾ?

ಸಂಪಿಗೆ · ಜೂನ್ 14

ಎಲ್ಲರಿಗೂ ನಮಸ್ಕಾರ. ನಾವು ಮೆಲ್ಬರ್ನ್‌ನಲ್ಲಿ ಇರುವುದು. ಆಗಸ್ಟ್ ಕೊನೆಗೆ ನಮ್ಮ ಮದುವೆಯಾಗಿ ಇಪ್ಪತ್ತು ವರ್ಷ ತುಂಬುತ್ತದೆ. ಮಗಳು ಈ ವರ್ಷ ಹಾಸ್ಟೆಲ್ ಸೇರಿದಳು. ಇಷ್ಟು ವರ್ಷದಲ್ಲಿ ನಾವಿಬ್ಬರೇ ಅಂತ ಎಲ್ಲಿಗೂ ಹೋದದ್ದೇ ಇಲ್ಲ. ಈ ಸಲ ಉತ್ತರ ಕ್ವೀನ್ಸ್‌ಲ್ಯಾಂಡ್ ನೋಡೋಣ ಅಂತ ತೀರ್ಮಾನ ಮಾಡಿದ್ದೇವೆ. ಕೇರ್ನ್ಸ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು.

ನಾನು ಬರೆದುಕೊಂಡಿರುವುದು ಹೀಗೆ. ಮೊದಲ ದಿನ ಕೇರ್ನ್ಸ್. ಎರಡಕ್ಕೆ ಕುರಾಂಡಾ ರೈಲು. ಮೂರಕ್ಕೆ ದಕ್ಷಿಣದ ಮಿಷನ್ ಬೀಚ್, ದಾರಿಯಲ್ಲಿ ಪರೊನೆಲ್ಲಾ ಪಾರ್ಕ್. ನಾಲ್ಕಕ್ಕೆ ಘಟ್ಟದ ಮೇಲಿನ ಆಥರ್ಟನ್ ಟೇಬಲ್‌ಲ್ಯಾಂಡ್ಸ್. ಐದಕ್ಕೆ ಪೋರ್ಟ್ ಡಗ್ಲಸ್. ಆರಕ್ಕೆ ಡೇನ್‌ಟ್ರೀ, ಕೇಪ್ ಟ್ರಿಬ್ಯುಲೇಶನ್, ಸಂಜೆಗೆ ವಾಪಸ್. ಏಳಕ್ಕೆ ಕುಕ್‌ಟೌನ್. ಎಂಟಕ್ಕೆ ರೀಫ್, ಅಂದರೆ ಗ್ರೇಟ್ ಬ್ಯಾರಿಯರ್ ರೀಫ್ ಅನ್ನುವ ಹವಳದ ದಿಬ್ಬ. ಒಂಬತ್ತಕ್ಕೆ ಮನೆಗೆ.

ಇನ್ನೊಂದು ವಿಷಯ. ನಮ್ಮವರು ಮೀನಿನ ಹಾಗೆ ಈಜುತ್ತಾರೆ. ನಾನು ಎಂಟು ವರ್ಷದವಳಿದ್ದಾಗ ಕೆರೆಯಲ್ಲಿ ಮುಳುಗಿ ಉಳಿದವಳು. ಮೊಣಕಾಲಿನಿಂದ ಮೇಲೆ ನೀರು ಬಂದರೆ ಎದೆ ಹಿಡಿದಂತಾಗುತ್ತದೆ. "ನೀವು ರೀಫ್‌ಗೆ ಹೋಗಿ ಬನ್ನಿ, ನಾನು ದಡದಲ್ಲಿ ಪುಸ್ತಕ ಓದುತ್ತೇನೆ" ಅಂದೆ. "ನೀನು ಬರದಿದ್ದರೆ ನಾನೂ ಹೋಗಲ್ಲ" ಅಂತ ಕೂತಿದ್ದಾರೆ. ಏನು ಮಾಡಲಿ?

ಕಡಲಮನೆ · ಜೂನ್ 14

ಸಂಪಿಗೆ ಅವರೇ, ನಾನು ಕೇರ್ನ್ಸ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಿಮ್ಮ ಪ್ಲಾನ್ ನೋಡಿ ನನಗೇ ಸುಸ್ತಾಯಿತು. ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿಗೆ ಬರುವ ನೆಂಟರೆಲ್ಲ ಮಾಡುವ ತಪ್ಪು ಇದು. ಮ್ಯಾಪಿನಲ್ಲಿ ಎಲ್ಲ ಹತ್ತಿರ ಕಾಣುತ್ತದೆ.

ಕೇರ್ನ್ಸ್‌ನಿಂದ ಪೋರ್ಟ್ ಡಗ್ಲಸ್ ಸುಮಾರು 67 ಕಿ.ಮೀ. ಒಂದು ಗಂಟೆ ಸಾಕು ಅನ್ನುತ್ತಾರೆ. ಆದರೆ ಆ ಕ್ಯಾಪ್ಟನ್ ಕುಕ್ ಹೆದ್ದಾರಿ ಎಲ್ಲಿಸ್ ಬೀಚ್ ದಾಟಿದ ಮೇಲೆ ಸಮುದ್ರಕ್ಕೆ ಅಂಟಿಕೊಂಡೇ ಹೋಗುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಅಲೆ. ರೆಕ್ಸ್ ಲುಕ್‌ಔಟ್‌ನಲ್ಲಿ ನಿಲ್ಲಿಸದೆ ಇರಲು ಆಗುವುದೇ ಇಲ್ಲ. ಪಾಮ್ ಕೋವ್‌ನಲ್ಲಿ ಒಂದು ಕಾಫಿ. ಅಲ್ಲಿಗೆ ಅರ್ಧ ದಿನ ಕಳೆಯಿತು. ಕಳೆಯಬೇಕು ಕೂಡ.

ಡೇನ್‌ಟ್ರೀಯನ್ನು ಒಂದೇ ದಿನದಲ್ಲಿ ಮುಗಿಸಿದರೆ ನೀವು ನೋಡುವುದು ರಸ್ತೆ ಮಾತ್ರ. ನದಿಗೆ ಸೇತುವೆ ಇಲ್ಲ. ಕೇಬಲ್ ಹಿಡಿದು ಎಳೆಯುವ ಫೆರ್ರಿಯಲ್ಲಿ ಕಾರು ಸಮೇತ ದಾಟಬೇಕು. ಸಾಲು ದೊಡ್ಡದಿದ್ದರೆ ಅಲ್ಲೇ ಹೊತ್ತು ಹೋಗುತ್ತದೆ. ದಾಟಿದ ಮೇಲೆ ಕೇಪ್ ಟ್ರಿಬ್ (ಕೇಪ್ ಟ್ರಿಬ್ಯುಲೇಶನ್) ಸುಮಾರು 35 ಕಿ.ಮೀ., ಆದರೆ ತಿರುವಿನ ಕಿರಿದಾದ ದಾರಿ. ಆ ಕಡೆ ಎರಡು ರಾತ್ರಿ ಉಳಿಯಿರಿ. ನನ್ನ ಮಾತು ಒಂದನ್ನೇ ಕೇಳುವುದಾದರೆ ಇದನ್ನು ಕೇಳಿ.

ರೀಫ್‌ನ್ನು ಕೊನೆಯ ದಿನಕ್ಕೆ ಇಡಲೇಬೇಡಿ. ಆಗಸ್ಟ್‌ನಲ್ಲಿ ಆಗ್ನೇಯ ಗಾಳಿ ಜೋರು. ಗಾಳಿ ಜಾಸ್ತಿಯಾದರೆ ದೋಣಿ ಹೊರಡುವುದಿಲ್ಲ, ಹೊರಟರೂ ಹೊಟ್ಟೆ ತೊಳಸಿ ಅರ್ಧ ಜನ ಮಲಗಿಬಿಡುತ್ತಾರೆ. ಮೊದಲೇ ಬುಕ್ ಮಾಡಿ, ಮರುದಿನ ಖಾಲಿ ಇಟ್ಟುಕೊಳ್ಳಿ. ಒಂದು ದಿನ ಕೈಕೊಟ್ಟರೆ ಇನ್ನೊಂದು ಇರುತ್ತದೆ.

ದಾರಿಹೋಕ · ಜೂನ್ 14

ಕುಕ್‌ಟೌನ್ ಮಾತ್ರ ಬಿಡಬೇಡಿ ಮೇಡಂ! ಕೇಪ್ ಟ್ರಿಬ್‌ನಲ್ಲಿ ಡಾಂಬರು ಮುಗಿಯುತ್ತದೆ. ಅಲ್ಲಿಂದ ಬ್ಲೂಮ್‌ಫೀಲ್ಡ್ ಟ್ರ್ಯಾಕ್ ಶುರು. ಮಣ್ಣಿನ ದಾರಿ, ಹಳ್ಳ ದಾಟಬೇಕು, ಏರು ಅಂದರೆ ಎದೆ ನಡುಗುವ ಏರು. ಎರಡೂ ಕಡೆ ಕಾಡು, ನಡುವೆ ಮರಗಳ ಸಂದಿಯಲ್ಲಿ ಸಮುದ್ರ. ನಾನು ಬ್ರಿಸ್ಬೇನ್‌ನಿಂದ 1,700 ಕಿ.ಮೀ. ಹತ್ತಿರ ಓಡಿಸಿಕೊಂಡು ಹೋಗಿದ್ದು ಬರೀ ಈ ದಾರಿಗೋಸ್ಕರ. ಇಪ್ಪತ್ತನೇ ವರ್ಷಕ್ಕೆ ಇದಕ್ಕಿಂತ ಬೇರೆ ಉಡುಗೊರೆ ಬೇಕಾ?

ಕಡಲಮನೆ · ಜೂನ್ 15

ದಾರಿಹೋಕ ಅವರೇ, ನಿಮ್ಮದು ಸ್ವಂತ ಫೋರ್ ವೀಲ್ ಡ್ರೈವ್. ಇವರದು ಬಾಡಿಗೆ ಕಾರು. ಹೆಚ್ಚಿನ ಬಾಡಿಗೆ ಕರಾರಿನಲ್ಲಿ ಡಾಂಬರಿಲ್ಲದ ದಾರಿಗೆ ಹೋದರೆ ಇನ್ಶೂರೆನ್ಸ್ ಇಲ್ಲ ಅಂತ ಬರೆದೇ ಇರುತ್ತದೆ. ಹಳ್ಳದಲ್ಲಿ ನಿಂತರೆ ಎಳೆದು ತರಲು ಎಷ್ಟು ಖರ್ಚು, ಯೋಚಿಸಿ. ಫೋನ್ ಸಿಗ್ನಲ್ ಕೂಡ ಫೆರ್ರಿ ದಾಟಿದ ಮೇಲೆ ಅಲ್ಲಲ್ಲಿ ಮಾತ್ರ.

ಇನ್ನೊಂದು, ಆ ದಾರಿ ಸುಮ್ನೆ ಆಗಿದ್ದಲ್ಲ. 1983ರಲ್ಲಿ ಅದನ್ನು ಕಡಿಯಲು ಬುಲ್ಡೋಜರ್ ಬಂದಾಗ ಜನ ಅಡ್ಡ ಕೂತರು, ಮರ ಹತ್ತಿ ಕೂತರು, ನೆಲದಲ್ಲಿ ತಮ್ಮನ್ನು ಹೂತುಕೊಂಡರು. ದಾರಿ ಆಯಿತು. ಆದರೆ ಆ ಗಲಾಟೆಯಿಂದಲೇ ಈ ಕಾಡಿನ ಮೇಲೆ ದೇಶದ ಕಣ್ಣು ಬಿತ್ತು. 1988ರಲ್ಲಿ ವೆಟ್ ಟ್ರಾಪಿಕ್ಸ್, ಅಂದರೆ ಇಲ್ಲಿನ ಮಳೆಕಾಡು, ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ರೀಫ್ 1981ರಲ್ಲೇ ಸೇರಿತ್ತು. ಕೇಪ್ ಟ್ರಿಬ್‌ನಲ್ಲಿ ಆ ಎರಡೂ ಒಂದಕ್ಕೊಂದು ತಾಗಿಕೊಂಡಿವೆ. ನೀವು ಮರಳಿನ ಮೇಲೆ ನಿಂತರೆ ಬೆನ್ನ ಹಿಂದೆ ಒಂದು, ಕಣ್ಣ ಮುಂದೆ ಇನ್ನೊಂದು.

ದಾರಿಹೋಕ · ಜೂನ್ 15

ಕರಾರಿನ ಮಾತು ಒಪ್ಪುತ್ತೇನೆ. ಅದನ್ನು ನಾನು ಯೋಚಿಸಿರಲಿಲ್ಲ. ಹಾಗಾದರೆ ಕುಕ್‌ಟೌನ್‌ಗೆ ಒಳನಾಡಿನ ಮಲ್ಲಿಗನ್ ಹೆದ್ದಾರಿ ಇದೆ, ಪೂರ್ತಿ ಡಾಂಬರು. ಆದರೆ ಕೇರ್ನ್ಸ್‌ನಿಂದ ನಾಲ್ಕು ಗಂಟೆ ಮೇಲೆ ಬೇಕು. ಹೋಗಿ ಬರಲು ಎರಡು ದಿನ ಇಲ್ಲದಿದ್ದರೆ ಬಿಡಿ.

ಕುಕ್‌ಟೌನ್ ಬಗ್ಗೆ ನನಗೆ ಇಷ್ಟು ಹುಚ್ಚು ಯಾಕೆ ಅಂದರೆ, 1770ರ ಜೂನ್ 11ರ ರಾತ್ರಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಎಂಡೆವರ್ ಹಡಗು ಇದೇ ರೀಫ್‌ಗೆ ಗುದ್ದಿತು. ಫಿರಂಗಿಗಳನ್ನೂ ನೀರಿಗೆಸೆದು ಹಡಗು ಹಗುರ ಮಾಡಿದರು. ಹೇಗೋ ನದಿಯ ಬಾಯಿಗೆ ತಂದು ಏಳು ವಾರ ರಿಪೇರಿ ಮಾಡಿದರು. ಕಾಂಗರೂ ಅನ್ನುವ ಶಬ್ದ ಅಲ್ಲಿನ ಗೂಗು ಯಿಮಿದಿರ್ ಜನರ ಬಾಯಿಂದ ಇವರ ಪುಸ್ತಕಕ್ಕೆ ಇಳಿದದ್ದು ಆಗಲೇ. ಕೇಪ್ ಟ್ರಿಬ್ಯುಲೇಶನ್ ಅಂದರೆ ಸಂಕಟದ ಭೂಶಿರ. ನಮ್ಮ ಕಷ್ಟ ಶುರುವಾದದ್ದು ಇಲ್ಲಿಂದ ಅಂತ ಕುಕ್ ಇಟ್ಟ ಹೆಸರು. ಅಲ್ಲಿನ ಮೂಲನಿವಾಸಿ ಕುಕು ಯಲಂಜಿ ಜನರಿಗೆ ಅದು ಮೊದಲಿಂದಲೂ ಕುಲ್ಕಿ.

ಮುಂಗಾರು · ಜೂನ್ 16

ಒಂದು ಪ್ರಶ್ನೆ. ರೀಫ್ ಎಲ್ಲ ಬಿಳಿಚಿಕೊಂಡು ಸತ್ತೇ ಹೋಗಿದೆ ಅಂತ ಸುದ್ದಿ ಬರುತ್ತದಲ್ಲ? ಅಷ್ಟು ದುಡ್ಡು ಕೊಟ್ಟು ಹೋಗಿ ಏನು ನೋಡುವುದು? ನಮ್ಮ ಮನೆಯಲ್ಲೂ ಇದೇ ಚರ್ಚೆ ನಡೆದು ಕೊನೆಗೆ ಹೋಗಲೇ ಇಲ್ಲ.

ನೀರುನಾಯಿ · ಜೂನ್ 16

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬರೆಯುತ್ತೇನೆ. ನಾನು ಟೌನ್ಸ್‌ವಿಲ್‌ನಲ್ಲಿ ಇದ್ದೇನೆ, ವರ್ಷಕ್ಕೆ ಹಲವು ಸಲ ನೀರಿಗೆ ಇಳಿಯುತ್ತೇನೆ.

ರೀಫ್ ಅಂದರೆ ಒಂದು ಗೋಡೆ ಅಲ್ಲ. 2,300 ಕಿ.ಮೀ. ಉದ್ದಕ್ಕೆ ಹರಡಿರುವ ಸುಮಾರು 2,900 ಬೇರೆ ಬೇರೆ ದಿಬ್ಬಗಳು. ಒಂದು ಕಡೆ ಪೆಟ್ಟು ಬಿದ್ದಾಗ ಇನ್ನೊಂದು ಕಡೆ ಚೆನ್ನಾಗಿರಬಹುದು.

ಹವಳ ಅಂದರೆ ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಪಾಚಿ ಬಿಸಿಲಿನಿಂದ ಊಟ ತಯಾರಿಸಿ ಹವಳಕ್ಕೂ ಕೊಡುತ್ತದೆ. ಬಣ್ಣವೂ ಹೆಚ್ಚಾಗಿ ಅದರದೇ. ನೀರು ವಾರಗಟ್ಟಲೆ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಆಗ ಒಳಗಿನ ಬಿಳಿ ಎಲುಬು ಕಾಣುತ್ತದೆ. ಆ ಹೊತ್ತಿಗೆ ಅದು ಸತ್ತಿಲ್ಲ, ಉಪವಾಸ ಇದೆ. ನೀರು ಬೇಗ ತಣಿದರೆ ಪಾಚಿ ಮರಳಿ ಸೇರುತ್ತದೆ. ತಣಿಯದಿದ್ದರೆ ಸಾಯುತ್ತದೆ.

1998 ಮತ್ತು 2002ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಆಮೇಲೆ 2016, 2017, 2020, 2022, 2024. ವರ್ಷಗಳ ನಡುವಿನ ಅಂತರ ನೋಡಿ. ಚೇತರಿಸಿಕೊಳ್ಳಲು ಸಮಯವೇ ಸಿಗುತ್ತಿಲ್ಲ. ಭಯ ಇರುವುದು ಅಲ್ಲಿ. ಇದನ್ನು ಬರೆಯುವಾಗ ನನಗೆ ಸಂಕಟ ಆಗುತ್ತದೆ. ನಾನು ನೋಡಿದ ಕೆಲವು ಜಾಗ ಈಗ ಇಲ್ಲ.

ಆದರೆ ಸತ್ತೇ ಹೋಗಿದೆ ಅನ್ನುವುದು ಸುಳ್ಳು. ಹೋಗಿ ನೋಡಿ. ಪ್ರವಾಸಿಗಳ ಟಿಕೆಟ್ಟಿನಲ್ಲಿ ದಿನಕ್ಕಿಷ್ಟು ಅಂತ ಸೇರಿರುವ ಶುಲ್ಕ ಮರೀನ್ ಪಾರ್ಕ್ ಕಾಯುವ ಕೆಲಸಕ್ಕೆ ಹೋಗುತ್ತದೆ. ನೋಡಿದವರಿಗೆ ಅದರ ಬಗ್ಗೆ ಕಾಳಜಿ ಬರುತ್ತದೆ ಅಂತ ನನ್ನ ನಂಬಿಕೆ.

ಸಂಪಿಗೆ ಅವರೇ, ಈಗ ನಿಮ್ಮ ವಿಷಯ. ಹೊರಗಿನ ರೀಫ್‌ಗೆ, ಅಂದರೆ ಪೋರ್ಟ್ ಡಗ್ಲಸ್‌ನಿಂದ ಅಜಿನ್‌ಕೋರ್ಟ್ ಕಡೆಗೆ, ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿ ನೇರ ಆಳ ನೀರಿಗೆ ಇಳಿಯಬೇಕು. ನಿಮಗೆ ಅದು ಬೇಡ. ಲೋ ಐಲ್ಸ್‌ಗೆ ಹೋಗಿ. ದಡದಿಂದ 15 ಕಿ.ಮೀ. ದೂರದ ಪುಟ್ಟ ಹವಳದ ದ್ವೀಪ, 1878ರ ದೀಪಸ್ತಂಭ ಇದೆ. ಮರಳಿನ ಮೇಲೆ ನಡೆಯುತ್ತಾ ನೀರಿಗೆ ಇಳಿಯಬಹುದು. ಪಾದ, ಮೊಣಕಾಲು, ಸೊಂಟ, ಎಲ್ಲಿ ಬೇಕೋ ಅಲ್ಲಿ ನಿಲ್ಲಬಹುದು. ತಳ ಗಾಜಿನ ದೋಣಿಯೂ ಇರುತ್ತದೆ, ನೀರಿಗೆ ಇಳಿಯದೆಯೇ ನೋಡಬಹುದು. 1928–29ರಲ್ಲಿ ವಿಜ್ಞಾನಿಗಳ ತಂಡ ಒಂದು ವರ್ಷ ಬಿಡಾರ ಹೂಡಿ ಹವಳವನ್ನು ಓದಿದ್ದು ಅದೇ ದ್ವೀಪದಲ್ಲಿ. ಸಣ್ಣ ಜಾಗ ಅಂತ ಅಂದುಕೊಳ್ಳಬೇಡಿ.

ನಿಮ್ಮ ಯಜಮಾನರು ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಡೈವ್, ಮಾಡುವುದಾದರೆ ಒಂದು ಎಚ್ಚರಿಕೆ. ಡೈವ್ ಮಾಡಿದ ಮೇಲೆ ಅಂದೇ ವಿಮಾನ ಹತ್ತಬಾರದು, ಟೇಬಲ್‌ಲ್ಯಾಂಡ್ಸ್ ಘಟ್ಟವನ್ನೂ ಹತ್ತಬಾರದು. ಎತ್ತರಕ್ಕೆ ಹೋದರೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗುತ್ತದೆ. ಒಂದು ದಿನ ಬಿಡಿ.

ಹಕ್ಕಿಗೂಡು · ಜೂನ್ 17

ಮಗಳೇ ಸಂಪಿಗೆ, ನನಗೆ ಅರವತ್ತೆಂಟು. ಆ ಕಾಡಿಗೆ ಐದು ಸಲ ಹೋಗಿದ್ದೇನೆ, ಹಕ್ಕಿ ನೋಡಲು. ಕಡಲಮನೆ ಹೇಳಿದ್ದು ಸರಿ. ಎರಡು ರಾತ್ರಿ ಉಳಿ.

ಜಿಂದಾಲ್ಬಾ ಮತ್ತು ಮಾರ್ಜಾ ಅಂತ ಎರಡು ಹಲಗೆ ದಾರಿಗಳಿವೆ. ಎರಡೂ ಸಣ್ಣವು. ಬೆಳಿಗ್ಗೆ ಏಳಕ್ಕೆ ಹೋಗು, ಬಸ್ಸುಗಳು ಬರುವ ಮೊದಲು. ಮಾರ್ಜಾದಲ್ಲಿ ಒಂದು ಕಡೆ ಬೀಸಣಿಗೆ ತಾಳೆ, ಸ್ವಲ್ಪ ಮುಂದೆ ಕಾಂಡ್ಲಾ ಗಿಡಗಳ ಕೆಸರು. ಮಳೆಕಾಡು ಉಪ್ಪುನೀರಿಗೆ ಸೇರುವುದನ್ನು ಹತ್ತು ಹೆಜ್ಜೆಯಲ್ಲಿ ನೋಡಬಹುದು. ಬೆತ್ತದ ಬಳ್ಳಿ ಬಟ್ಟೆಗೆ ಸಿಕ್ಕಿಕೊಂಡರೆ ಎಳೆಯಬೇಡ, ಹಿಂದೆ ಸರಿದು ಬಿಡಿಸಿಕೋ. ಅಲ್ಲಿಯವರು ಅದಕ್ಕೆ 'ಸ್ವಲ್ಪ ನಿಲ್ಲು' ಅನ್ನುವ ಅರ್ಥದ ಹೆಸರೇ ಇಟ್ಟಿದ್ದಾರೆ. ಹೃದಯದ ಆಕಾರದ, ನವಿರು ರೋಮದ ಎಲೆ ಕಂಡರೆ ಮುಟ್ಟಲೇಬೇಡ. ಅದು ನಮ್ಮ ತುರಿಕೆ ಗಿಡದ ಬಳಗ, ಆದರೆ ನೋವು ತಿಂಗಳುಗಟ್ಟಲೆ ಉಳಿಯಬಹುದು.

ಅಲ್ಲಿ ಒಂದು ಮರ ಇದೆ, ಇಡಿಯೊಸ್ಪರ್ಮಮ್ ಅಂತ. ಭೂಮಿಯ ಮೇಲೆ ಹೂ ಬಿಡುವ ಗಿಡಗಳು ಹೊಸದಾಗಿ ಹುಟ್ಟುತ್ತಿದ್ದ ಕಾಲದ ವಂಶ. ಅದು ಇನ್ನಿಲ್ಲ ಅಂದುಕೊಂಡಿದ್ದರು. 1971ರ ಸುಮಾರಿಗೆ ಡೇನ್‌ಟ್ರೀ ಹತ್ತಿರ ದನಗಳು ಸತ್ತು ಬಿದ್ದವು. ಹೊಟ್ಟೆ ಸೀಳಿ ನೋಡಿದರೆ ಗುರುತು ಸಿಗದ ದೊಡ್ಡ ಬೀಜ. ಹುಡುಕಿಕೊಂಡು ಹೋದಾಗ ಈ ಮರ ಸಿಕ್ಕಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಕ್ಯಾಸೊವರಿ ಕಂಡರೆ ನಿನ್ನ ಅದೃಷ್ಟ. ಆಳೆತ್ತರದ ಹಕ್ಕಿ, ಹಾರುವುದಿಲ್ಲ. ಮೊಟ್ಟೆಗೆ ಕಾವು ಕೊಡುವುದು, ಮರಿ ಸಾಕುವುದು ಎಲ್ಲ ಗಂಡೇ. ಸುಮಾರು ಒಂಬತ್ತು ತಿಂಗಳು ಮರಿಗಳನ್ನು ಹಿಂದೆ ಕರೆದುಕೊಂಡು ತಿರುಗುತ್ತದೆ. ದೊಡ್ಡ ಹಣ್ಣನ್ನು ಇಡಿಯಾಗಿ ನುಂಗಿ ಬೀಜವನ್ನು ದೂರ ಹಾಕುವ ಹಕ್ಕಿ ಅದೊಂದೇ. ಅದು ಹೋದರೆ ಎಷ್ಟೋ ಮರಗಳ ಸಂತಾನ ನಿಲ್ಲುತ್ತದೆ. ಅವು ಹೆಚ್ಚಾಗಿ ಸಾಯುವುದು ಕಾರಿಗೆ ಸಿಕ್ಕಿ. ನಿಧಾನ ಓಡಿಸು ಅಂತ ನಿಮ್ಮವರಿಗೆ ನನ್ನ ಹೆಸರಲ್ಲಿ ಹೇಳು. ಎದುರು ಬಂದರೆ ಓಡಬೇಡಿ. ಬ್ಯಾಗ್ ಮುಂದೆ ಹಿಡಿದು ಮೆಲ್ಲಗೆ ಹಿಂದೆ ಸರಿಯಿರಿ. ತಿನ್ನಲು ಏನೂ ಹಾಕಬೇಡಿ. ಅದು ಕಾನೂನಿಗೂ ವಿರುದ್ಧ.

ಕಬ್ಬಿನಜಲ್ಲೆ · ಜೂನ್ 18

ಎಲ್ಲರೂ ಉತ್ತರ ಉತ್ತರ ಅನ್ನುತ್ತಿದ್ದೀರಿ. ನಾನು ಇನ್ನಿಸ್‌ಫೇಲ್ ಕಡೆಯವನು, ದಕ್ಷಿಣದ ಪರವಾಗಿ ಒಂದು ಮಾತು. ಪರೊನೆಲ್ಲಾ ಪಾರ್ಕ್ ಬಿಡಬಾರದ ಜಾಗ. ಹೊಸೆ ಪರೊನೆಲ್ಲಾ ಅಂತ ಸ್ಪೇನ್‌ನಿಂದ ಬಂದವರು, ಕಬ್ಬಿನ ಗದ್ದೆಯಲ್ಲಿ ದುಡಿದು, ಜಲಪಾತದ ಪಕ್ಕ ಜಾಗ ಕೊಂಡು, ಕೈಯಾರೆ ಕೋಟೆಯಂಥ ಕಟ್ಟಡ ಕಟ್ಟಿದರು. 1935ರಲ್ಲಿ ಜನರಿಗೆ ತೆರೆದರು. ಅದಕ್ಕೂ ಮೊದಲೇ ಜಲಪಾತದಿಂದ ಕರೆಂಟು ತೆಗೆದಿದ್ದರು! ಈಗ ಎಲ್ಲ ಪಾಚಿ ಹಿಡಿದು ಕಾಡಿನ ಪಾಲಾಗಿದೆ, ಅದೇ ಚಂದ.

ನಮ್ಮ ಕಡೆ ಎಷ್ಟು ಮಳೆ ಅಂದರೆ, ಟಲಿ ಊರಿನಲ್ಲಿ 7.9 ಮೀಟರ್ ಎತ್ತರದ ಬೂಟು ನಿಲ್ಲಿಸಿದ್ದಾರೆ. 1950ರಲ್ಲಿ ಬಿದ್ದ ಮಳೆಯ ಅಳತೆ ಅದು.

ಆಗಸ್ಟ್‌ನಲ್ಲಿ ಕಬ್ಬು ಕಟಾವು ಇರುತ್ತದೆ. ಕಬ್ಬಿನ ಪುಟ್ಟ ರೈಲು ರಸ್ತೆಗೆ ಅಡ್ಡ ಬರುತ್ತದೆ, ಗೇಟು ಇರುವುದಿಲ್ಲ. ಕೆಂಪು ದೀಪ ಕಂಡರೆ ನಿಲ್ಲಿಸಿ. ಹಳಿ ಕಂಡಲ್ಲೆಲ್ಲ ನಿಧಾನ. ಬಬಿಂಡಾ ಬೋಲ್ಡರ್ಸ್‌ಗೆ ಹೋದರೆ ಈಜುವ ಕೊಳ ಬೇರೆ, ಕೆಳಗಿನ ಡೆವಿಲ್ಸ್ ಪೂಲ್ ಬೇರೆ. ಬೋರ್ಡ್ ಓದಿ. ಅಲ್ಲಿ ತುಂಬಾ ಜನ ಸತ್ತಿದ್ದಾರೆ.

ಸಂಪಿಗೆ · ಜೂನ್ 18

ಅಬ್ಬಾ, ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ! ಇಬ್ಬರೂ ಕೂತು ಓದಿದೆವು. ಅಮ್ಮಾ, ನಿಮ್ಮ ದನದ ಕಥೆಯನ್ನು ಇವರಿಗೆ ಎರಡು ಸಲ ಓದಿ ಹೇಳಿದೆ.

ಹೊಸ ಪ್ಲಾನ್. ಕೇರ್ನ್ಸ್ ಒಂದು ರಾತ್ರಿ, ಪೋರ್ಟ್ ಡಗ್ಲಸ್ ಮೂರು, ಕೇಪ್ ಟ್ರಿಬ್ ಎರಡು, ಟೇಬಲ್‌ಲ್ಯಾಂಡ್ಸ್‌ನ ಯಂಗಬರಾದಲ್ಲಿ ಎರಡು. ಕುರಾಂಡಾ, ಕುಕ್‌ಟೌನ್, ಮಿಷನ್ ಬೀಚ್ ಇಲ್ಲ. ಕಬ್ಬಿನಜಲ್ಲೆ ಅವರೇ, ಕ್ಷಮಿಸಿ. ಪರೊನೆಲ್ಲಾ ಬಿಡುವಾಗ ನನಗೂ ಹೊಟ್ಟೆ ಉರಿಯಿತು.

ಮೊಸಳೆ ಮತ್ತು ಜೆಲ್ಲಿ ಮೀನಿನ ಬಗ್ಗೆ ಯಾರಾದರೂ ಹೇಳುತ್ತೀರಾ? ಲೋ ಐಲ್ಸ್ ಅಂತ ಕೇಳಿದಾಗಿನಿಂದ ನಿದ್ದೆ ಇಲ್ಲ.

ಕಡಲಮನೆ · ಜೂನ್ 19

ಕುಟುಕುವ ಜೆಲ್ಲಿ ಮೀನಿನ ಕಾಲ ಸಾಮಾನ್ಯವಾಗಿ ನವೆಂಬರ್‌ನಿಂದ ಮೇ. ಆಗಸ್ಟ್‌ನಲ್ಲಿ ಭಯ ಕಡಿಮೆ. ಆದರೂ ದೋಣಿಯವರು ಕೊಡುವ ಮೈಮುಚ್ಚುವ ತೆಳು ಸೂಟ್ ಹಾಕಿಕೊಳ್ಳಿ. ಬಿಸಿಲಿನಿಂದಲೂ ರಕ್ಷಣೆ. ಬೀಚ್‌ಗಳಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ನೇತು ಹಾಕಿರುತ್ತಾರೆ. ಕುಟುಕಿದರೆ ಕೂಡಲೇ ತುರ್ತು ನಂಬರ್ 000ಗೆ ಫೋನ್, ಜೊತೆಗೆ ಅದನ್ನು ಸುರಿಯುವುದು.

ಮೊಸಳೆಗೆ ಮಾತ್ರ ಕಾಲ ಅಂತ ಇಲ್ಲ. ಉಪ್ಪುನೀರಿನ ಮೊಸಳೆ ನದಿ, ಕೊಲ್ಲಿ, ಬೀಚ್ ಎಲ್ಲ ಕಡೆ ಬರುತ್ತದೆ. ಡೇನ್‌ಟ್ರೀ ಭಾಗದಲ್ಲಿ ನೀರಿನ ಅಂಚಿಗೆ ಐದು ಮೀಟರ್ ಒಳಗೆ ನಿಲ್ಲಬೇಡಿ. ಫೆರ್ರಿ ಸಾಲಿನಲ್ಲಿ ಇಳಿದು ನದಿಯ ಹತ್ತಿರ ಹೋಗಬೇಡಿ. ನೋಡಲೇಬೇಕು ಅಂದರೆ ನದಿಯಲ್ಲಿ ದೋಣಿ ಸವಾರಿ ಇದೆ. ತಂಪು ತಿಂಗಳಲ್ಲಿ, ನೀರು ಇಳಿದ ಹೊತ್ತಿಗೆ ಹೋದರೆ ಕೆಸರಿನ ದಂಡೆಯಲ್ಲಿ ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ.

ಮಾಸ್‌ಮನ್‌ನಲ್ಲೇ ಪೆಟ್ರೋಲ್, ಅಕ್ಕಿ, ತರಕಾರಿ ತುಂಬಿಸಿಕೊಳ್ಳಿ. ನದಿ ದಾಟಿದ ಮೇಲೆ ಎಲ್ಲ ದುಬಾರಿ. ಟಾರ್ಚ್ ಇರಲಿ, ಆ ಕಡೆ ಕರೆಂಟ್ ಲೈನ್ ಇಲ್ಲ. ಸೋಲಾರ್, ಜನರೇಟರ್ ಮೇಲೆ ನಡೆಯುತ್ತದೆ. ಮತ್ತೆ, 2023ರ ಡಿಸೆಂಬರ್‌ನಲ್ಲಿ ಜಾಸ್ಪರ್ ಚಂಡಮಾರುತ ಬಂದಾಗ ಗುಡ್ಡ ಕುಸಿದು ಕೇಪ್ ಟ್ರಿಬ್ ದಾರಿ ಮುಚ್ಚಿತ್ತು, ವುಜಲ್ ವುಜಲ್ ಊರಿಗೆ ಊರೇ ಖಾಲಿ ಮಾಡಿಸಿದ್ದರು. ಹೊರಡುವ ಮೊದಲು ರಸ್ತೆಯ ಸ್ಥಿತಿ ನೋಡಿಕೊಳ್ಳಿ.

ನೀರುನಾಯಿ · ಜೂನ್ 19

ಒಂದು ಕೆಲಸ ಈಗಲೇ ಶುರು ಮಾಡಿ. ಮಾಸ್ಕ್ ಮತ್ತು ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಕೊಂಡುಕೊಂಡು ಮನೆ ಹತ್ತಿರದ ಈಜುಕೊಳದ ಆಳವಿಲ್ಲದ ಕಡೆ ನಿಂತು, ಮುಖ ಮಾತ್ರ ನೀರಲ್ಲಿಟ್ಟು, ಬಾಯಲ್ಲಿ ಉಸಿರಾಡಿ. ವಾರಕ್ಕೆ ಎರಡು ಸಲ ಸಾಕು. ಭಯ ಇರುವುದು ನೀರಿನದ್ದಲ್ಲ, ಉಸಿರಿನದ್ದು.

ಸಂಪಿಗೆ · ಸೆಪ್ಟೆಂಬರ್ 9

ಹೋಗಿ ಬಂದೆವು. ನಿಧಾನವಾಗಿ ಬರೆಯುತ್ತೇನೆ.

ಕಡಲಮನೆ ಅವರು ಹೇಳಿದ್ದೇ ಆಯಿತು. ಬುಕ್ ಮಾಡಿದ್ದ ದಿನ ಬೆಳಿಗ್ಗೆ ಆರೂವರೆಗೆ ಮೆಸೇಜ್ ಬಂತು, ಗಾಳಿ ಜಾಸ್ತಿ, ದೋಣಿ ಇಲ್ಲ. ನನಗೆ ಸಮಾಧಾನವೂ ಆಯಿತು, ಬೇಜಾರೂ ಆಯಿತು. ಆ ದಿನ ಮಾಸ್‌ಮನ್ ಗಾರ್ಜ್‌ಗೆ ಹೋದೆವು. ಅಲ್ಲಿ ಕುಕು ಯಲಂಜಿ ಜನರೇ ಕಾಡಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಮೊದಲು ಹೊಗೆ ಹಾಕಿ, ಅದರ ಸುತ್ತ ನಡೆಸಿ ಒಳಗೆ ಕರೆದರು. ಒಂದು ಎಲೆಯನ್ನು ನೀರಿನಲ್ಲಿ ಉಜ್ಜಿದರು, ನೊರೆ ಬಂತು. ಸೀಗೆಕಾಯಿ ನೆನಪಾಗಿ ನಾನು ಜೋರಾಗಿ "ನಮ್ಮಲ್ಲೂ ಇದೆ" ಅಂದುಬಿಟ್ಟೆ. ಆಮೇಲೆ ಆ ಅಣ್ಣ ದಾರಿಯುದ್ದಕ್ಕೂ ಪ್ರತಿ ಗಿಡಕ್ಕೂ "ಇದಕ್ಕೆ ನಿಮ್ಮಲ್ಲಿ ಏನಂತೀರಿ?" ಅಂತ ನನ್ನನ್ನೇ ಕೇಳುತ್ತಿದ್ದರು. ಡೇನ್‌ಟ್ರೀ ರಾಷ್ಟ್ರೀಯ ಉದ್ಯಾನವನ್ನು 2021ರಲ್ಲಿ ಅವರ ಜನರಿಗೇ ಮರಳಿ ಕೊಟ್ಟಿದ್ದಾರೆ. ಅದನ್ನು ಹೇಳುವಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು.

ಮರುದಿನ ಗಾಳಿ ಇಳಿಯಿತು. ಲೋ ಐಲ್ಸ್‌ಗೆ ಹೊರಟೆವು. ದೋಣಿಯಲ್ಲಿ ಆರೋಗ್ಯದ ಫಾರಂ ತುಂಬಿಸಿದರು. ನನಗೆ ಬಿಪಿ ಇದೆ ಅಂತ ನಿಜ ಬರೆದೆ. ಬೇರೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು, ಕಾಯುವ ಹುಡುಗಿ ನನ್ನ ಮೇಲೆ ಕಣ್ಣಿಡಲಿ ಅಂತ.

ಮೊದಲು ಪಾದ. ಆಮೇಲೆ ಮೊಣಕಾಲು. ಸೊಂಟಕ್ಕೆ ಬಂದಾಗ ಎದೆ ಹಿಡಿಯಿತು, ನಿಂತೆ. ಇವರು ಎದುರು ನಿಂತು ಕೈ ಹಿಡಿದರು, ಏನೂ ಮಾತಾಡಲಿಲ್ಲ. ಎರಡು ತಿಂಗಳು ಈಜುಕೊಳದಲ್ಲಿ ಮಾಡಿದ್ದನ್ನೇ ಮಾಡಿದೆ. ಮುಖ ಇಟ್ಟೆ. ಬಾಯಲ್ಲಿ ಉಸಿರು.

ನಾನು ಬಣ್ಣ ಕಾಣುತ್ತದೆ ಅಂದುಕೊಂಡಿದ್ದೆ. ಮೊದಲು ಬಂದದ್ದು ಶಬ್ದ. ಕರಕರ ಅಂತ. ಗಿಳಿಮೀನು ಹವಳವನ್ನು ಕಚ್ಚಿ ತಿನ್ನುವ ಶಬ್ದ ಅಂತ ಆಮೇಲೆ ಗೊತ್ತಾಯಿತು. ಅದು ಕಚ್ಚಿ ಅರೆದು ಹೊರಗೆ ಹಾಕಿದ ಪುಡಿಯೂ ನಾನು ನಿಂತಿದ್ದ ಬಿಳಿ ಮರಳಿನಲ್ಲಿ ಸೇರಿದೆಯಂತೆ. ಆಮೇಲೆ ಕಣ್ಣು ತೆರೆದುಕೊಂಡಿತು. ಜಿಂಕೆ ಕೊಂಬಿನಂಥ ಹವಳ, ತುಟಿಗೆ ನೀಲಿ ಬಳಿದುಕೊಂಡ ಹಾಗೆ ದೊಡ್ಡ ಕಪ್ಪೆಚಿಪ್ಪು. ಪಕ್ಕದಲ್ಲೇ ಮುರಿದು ಬೂದಿಯಾದ ಜಾಗವೂ ಇತ್ತು. ಒಂದು ಆಮೆ ನೀರಿನ ಹುಲ್ಲು ಮೇಯುತ್ತಿತ್ತು, ದನದ ಹಾಗೆ, ಯಾವ ಅವಸರವೂ ಇಲ್ಲದೆ. ನನ್ನ ಕಾಲು ನೆಲ ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ. ತಲೆ ಎತ್ತಿದಾಗ ದಡ ದೂರ ಇತ್ತು. ಇವರ ಕೈ ನನ್ನ ಕೈಯಲ್ಲೇ ಇತ್ತು.

ಮಾಸ್ಕ್ ಒಳಗೆ ಅತ್ತರೆ ಏನೂ ಕಾಣುವುದಿಲ್ಲ. ಇದನ್ನು ಯಾರೂ ಹೇಳಿರಲಿಲ್ಲ.

ಹಕ್ಕಿಗೂಡು · ಸೆಪ್ಟೆಂಬರ್ 9

ಮಗಳೇ, ಓದಿ ನನಗೂ ಕಣ್ಣು ತುಂಬಿತು. ಕ್ಯಾಸೊವರಿ ಕಂಡಿತಾ?

ಸಂಪಿಗೆ · ಸೆಪ್ಟೆಂಬರ್ 10

ಕಂಡಿತು ಅಮ್ಮಾ. ಮೊದಲ ದಿನ ಬರೀ ಹಿಕ್ಕೆ ಸಿಕ್ಕಿತು. ದೊಡ್ಡ ಗುಡ್ಡೆ, ಪೂರ್ತಿ ಬೀಜ. ಇಡಿಯಾಗಿ ಉಳಿದ ನೀಲಿ ಹಣ್ಣುಗಳೂ ಇದ್ದವು. ನೀವು ಹೇಳಿದ್ದರಿಂದ ಅದನ್ನೇ ಹತ್ತು ನಿಮಿಷ ನೋಡುತ್ತಾ ನಿಂತೆವು.

ಎರಡನೇ ದಿನ ಬೆಳಿಗ್ಗೆ ಮಾರ್ಜಾಗೆ ಹೋಗುವಾಗ ತಿರುವಿನಲ್ಲಿ ಇವರು ಬ್ರೇಕ್ ಹಾಕಿದರು. ರಸ್ತೆ ಪಕ್ಕ ಅಪ್ಪ, ಹಿಂದೆ ಪಟ್ಟೆ ಪಟ್ಟೆಯ ಮೂರು ಮರಿ. ಇಂಜಿನ್ ಆಫ್ ಮಾಡಿ ಕೂತೆವು. ಹಿಂದೆ ಬಂದ ವ್ಯಾನ್‌ನವರೂ ನಿಂತರು. ಅಪ್ಪ ಹಕ್ಕಿ ರಸ್ತೆ ನಡುವೆ ನಿಂತು ನಮ್ಮನ್ನೇ ನೋಡಿತು. ಎರಡು ಮರಿ ದಾಟಿದವು, ಮೂರನೆಯದು ವಾಪಸ್ ಓಡಿತು. ಅಪ್ಪ ಅದಕ್ಕೋಸ್ಕರ ಹಿಂದೆ ಹೋಗಿ ಕರೆದುಕೊಂಡು ಬಂತು. ಗಂಟಲಿನಿಂದ ಬರುವ ಗುಡುಗಿನಂಥ ಸದ್ದು, ಕಿವಿಗಿಂತ ಎದೆಗೆ ಜಾಸ್ತಿ ಕೇಳಿಸುತ್ತದೆ. ಇವರು ಮೆಲ್ಲಗೆ "ಹಾಸ್ಟೆಲ್‌ಗೆ ಫೋನ್ ಮಾಡೋಣ" ಅಂದರು. ಸಿಗ್ನಲ್ ಇರಲಿಲ್ಲ.

ರಾತ್ರಿ ಜನರೇಟರ್ ನಿಂತ ಮೇಲಿನ ಕತ್ತಲು ಮೆಲ್ಬರ್ನ್‌ನಲ್ಲಿ ಇಲ್ಲವೇ ಇಲ್ಲ. ಕಪ್ಪೆ, ಜೀರುಂಡೆ, ಎಲೆಯಿಂದ ತೊಟ್ಟಿಕ್ಕುವ ನೀರು. ಇಪ್ಪತ್ತನೇ ವರ್ಷದ ಊಟ ಟಾರ್ಚ್ ಬೆಳಕಿನಲ್ಲಿ ಚಿತ್ರಾನ್ನ.

ಟೇಬಲ್‌ಲ್ಯಾಂಡ್ಸ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಗಿಲ್ಲೀಸ್ ಘಟ್ಟದಲ್ಲಿ 19 ಕಿ.ಮೀ.ಗೆ 263 ತಿರುವು, ನನಗೆ ವಾಂತಿ ಆಯಿತು. ಕರ್ಟನ್ ಫಿಗ್ ಮರದ ಬಿಳಲು ನಿಜವಾಗಿಯೂ ಪರದೆ ಇಳಿಬಿಟ್ಟ ಹಾಗೇ ಇದೆ. ಸಂಜೆ ಪೀಟರ್ಸನ್ ಕ್ರೀಕ್ ಹಳ್ಳದಲ್ಲಿ ಪ್ಲಾಟಿಪಸ್, ಅದೇ ಬಾತುಕೊಕ್ಕಿನ ಪ್ರಾಣಿ, ಎರಡು ಸಲ ಮೇಲೆ ಬಂತು. ಸದ್ದು ಮಾಡದೆ ನಿಂತರೆ ಸಾಕು.

ಒಂದು ಕಹಿ ಅನುಭವ. ಕಾರು ವಾಪಸ್ ಕೊಡುವಾಗ ಗಾಜಿನ ಮೇಲೆ ಚುಕ್ಕಿ ಇದೆ ಅಂತ ದುಡ್ಡು ಕೇಳಿದರು. ಮೊದಲ ದಿನ ಇವರು ಸುತ್ತ ತಿರುಗಿ ವಿಡಿಯೊ ತೆಗೆದಿದ್ದರು, ಅದರಲ್ಲಿ ಚುಕ್ಕಿ ಇತ್ತು. ತೋರಿಸಿದೆವು, ಬಿಟ್ಟರು. ನೀವೂ ವಿಡಿಯೊ ತೆಗೆದುಕೊಳ್ಳಿ.

ಮುಂಗಾರು · ಸೆಪ್ಟೆಂಬರ್ 11

ಸಂಪಿಗೆ ಅವರೇ, ಹೋಗುವುದು ಅಂತ ತೀರ್ಮಾನ ಮಾಡಿದೆವು. ನಾನು, ನನ್ನ ಹೆಂಡತಿ, ಜೊತೆಗೆ ಅಮ್ಮ. ಅಮ್ಮನಿಗೆ ಎಪ್ಪತ್ತೊಂದು, ಮೊಣಕಾಲು ನೋವು, ನೀರು ಅಂದರೆ ಆಗದು. ಲೋ ಐಲ್ಸ್‌ಗೆ ಕರೆದುಕೊಂಡು ಹೋಗಬಹುದಾ?

ಸಂಪಿಗೆ · ಸೆಪ್ಟೆಂಬರ್ 11

ಖಂಡಿತ ಕರೆದುಕೊಂಡು ಹೋಗಿ. ಅಮ್ಮನನ್ನು ದೋಣಿಯ ಹಿಂಭಾಗದಲ್ಲಿ ಕೂರಿಸಿ, ಅಲ್ಲಿ ಕುಲುಕು ಕಡಿಮೆ. ಹೊಟ್ಟೆ ತೊಳಸುವ ಮಾತ್ರೆಯನ್ನು ಹತ್ತುವ ಮೊದಲೇ ಕೊಡಬೇಕು, ಶುರುವಾದ ಮೇಲೆ ಉಪಯೋಗವಿಲ್ಲ. ಅವರ ಮಾತ್ರೆಗಳ ಜೊತೆ ಆಗುತ್ತದಾ ಅಂತ ಡಾಕ್ಟರರನ್ನು ಕೇಳಿಕೊಳ್ಳಿ. ದೋಣಿಯಿಂದ ಮರಳಿಗೆ ಇಳಿಯುವಾಗ ಮೆಟ್ಟಿಲು ಇದೆಯಾ ಅಂತ ಬುಕ್ ಮಾಡುವಾಗಲೇ ವಿಚಾರಿಸಿ. ನಮ್ಮ ದೋಣಿಯಲ್ಲಿ ಒಬ್ಬ ಅಜ್ಜಿ ಇದ್ದರು, ನೀರಿಗೆ ಇಳಿಯಲೇ ಇಲ್ಲ. ತಳ ಗಾಜಿನ ದೋಣಿಯಲ್ಲಿ ಎರಡು ಸಲ ಹೋಗಿ ಬಂದರು. ಉಳಿದ ಹೊತ್ತು ದ್ವೀಪದ ನೆರಳಿನಲ್ಲಿ ಕೂತು ದೀಪಸ್ತಂಭ ನೋಡುತ್ತಿದ್ದರು.

ಅಮ್ಮನಿಗೆ ಒಂದು ಮಾಸ್ಕ್ ಮಾತ್ರ ಇಸಿದುಕೊಡಿ. ಪಾದ ಮುಳುಗುವಷ್ಟು ನೀರಿನಲ್ಲಿ ಕೂತು ಬಗ್ಗಿ ನೋಡಿದರೂ ಸಣ್ಣ ಮೀನು ಕಾಣುತ್ತವೆ.